ಜೋಳದ ಪೀಪಾಯಿಯಲ್ಲಿದ್ದ ಕೋಳಿಮರಿ

ಅಕ್ಷತಾ, ಶಿವು, ನಿನ್ನೆ ನೆನೆಹಾಕಿದ ಮಡಕಿಕಾಳನ್ನು ಇಂದು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ನಾಳೆ ನೀವು ನಿಮ್ಮವ್ವನ ಜೊತೆ ಬರುವ ಹೊತ್ತಿಗೆ ಬಿಳಿಯ ಮೊಳಕೆಗಳು ನೂಲಿನ ಸಂದಿಯಿಂದ ಇಣುಕುತ್ತಿರುತ್ತವೆ. ಕಾಳು ಬಾಲ ಬಿಡುವುದನ್ನು ಮದುವೆಯಾಗಿ ಬಂದಾಗಿನಿಂದ ಕಣ್ಣರಳಿಸಿ ನೋಡುತ್ತಿದ್ದವಳು, ಒಂದು ಪುಸ್ತಕದ ಚಿತ್ರಗಳನ್ನು ಕಂಡು ಮಾತ್ರ ಮುಖ ತಿರುಗಿಸಿದೆ. ಆ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಊರ ಸಾಲಿಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರಗಳಿಗೇ ಒಪ್ಪಿಸುತ್ತಿದ್ದೇನೆ.

ಹಿಪ್ಪರಗಿಯಲ್ಲಿ ಬ್ಯಾರೇಜು ಕಟ್ಟುತ್ತಿದ್ದ ಕಾಲ. ನನ್ನ ಮಗಳು, ಅಂದರೆ ನಿಮ್ಮವ್ವ, ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ರಜೆಗೆ ಬಂದಾಗ ದಪ್ಪನೆಯ ರೆಕಾರ್ಡ್ ಪುಸ್ತಕ ಹರವಿಕೊಂಡು ಪಡಸಾಲೆಯಲ್ಲಿ ಚಿತ್ರ ಬಿಡಿಸುತ್ತಿದ್ದಳು: ಟಗರಿನ ಬೀಜ, ಕುರಿಯ ಗರ್ಭಕೋಶ, ಕಾವಿಗಿಟ್ಟ ಮೊಟ್ಟೆಯೊಳಗೆ ದಿನಕ್ಕೊಂದು ರೂಪ ತಾಳುವ ಕೋಳಿಮರಿ. ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ ನಮ್ಮದು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ನೋಡಿ ಅವಳು ನಕ್ಕಳು.

"ಎಮ್ಮಿ ಬೆದಿಗೆ ಬಂದ್ರ ನೀನ ಓಡಿ ಹೋಗಿ ದನದ ಡಾಕ್ಟರನ್ನ ಕರಕೊಂಡ ಬರ್ತಿ. ಚಿತ್ರಕ್ಕ ಯಾಕ ನಾಚತೀ ಬೇ ಯವ್ವಾ?"

ಆ ವಾರವೇ ಮುಧೋಳದಿಂದ ಅವಳನ್ನು ನೋಡಲು ಬೀಗರಾಗುವವರು ಬಂದರು. ಬರುವ ಮುಂಚೆ ನಾನು ರೆಕಾರ್ಡನ್ನು ಹಳೆಯ ಸೀರೆಯಲ್ಲಿ ಸುತ್ತಿ ಜೋಳದ ಪೀಪಾಯಿಯೊಳಗೆ, ಬೇವಿನೆಲೆಗಳ ಕೆಳಗೆ ಹೂತಿಟ್ಟೆ. ಹುಡುಗನ ಸೋದರತ್ತೆ ಕೇಳಿದರು, "ಹುಡುಗಿ ಏನ್ ಓದಾಕತ್ತಾಳ್ರಿ?"

"ಕನ್ನಡ ಎಂ.ಎ.ರಿ" ಎಂದೆ.

ಚಹಾದ ತಟ್ಟೆ ಹಿಡಿದು ನಿಂತಿದ್ದ ನಿಮ್ಮವ್ವ ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಬಂದವರು ಅದನ್ನು ನಾಚಿಕೆಯೆಂದು ಮೆಚ್ಚಿಕೊಂಡರು. ನಾಚಿಕೆಯೇ ಹೌದು, ಆದರೆ ನನ್ನ ಸಲುವಾಗಿ ಪಟ್ಟದ್ದು.

ಸಂಜೆ ಅವಳು ಹುಡುಕತೊಡಗಿದಳು. "ಯವ್ವಾ, ನನ್ನ ರೆಕಾರ್ಡ್ ನೋಡಿದೇನ?"

"ಇಲ್ಲವಾ."

ಹಿಂದಿನ ದಿನ ಅದನ್ನು ಹಿಡಿದು ಬನಹಟ್ಟಿಯ ಗೆಳತಿಯ ಮನೆಗೆ ಹೋಗಿ ಬಂದಿದ್ದಳು. ಬಸ್ಸಿನಲ್ಲಿ ಬಿಟ್ಟಿರಬೇಕೆಂದು ತನ್ನನ್ನೇ ಬೈದುಕೊಂಡಳು. "ಒಂದ್ ಬುಕ್ ಜ್ವಾಕಿ ಮಾಡಾಕ ಬರಂಗಿಲ್ಲ, ದೊಡ್ಡ ಓದು ಓದತಾಳಂತ" ಎಂದು ನಿಮ್ಮಜ್ಜನೂ ಬೈದರು. ನಾನು ಅವಳ ಜೊತೆ ಕೌದಿಗಳನ್ನು ಕೊಡವಿ ಹುಡುಕುವಂತೆ ನಟಿಸಿದೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ಆದರೆ ಕೊಡಬೇಕಾದರೆ 'ಇಲ್ಲ' ಅಂದದ್ದನ್ನೂ ಒಪ್ಪಿಕೊಳ್ಳಬೇಕಿತ್ತಲ್ಲ.

ರೆಕಾರ್ಡ್ ಇಲ್ಲದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದೆ. ಅವಳಿಗೆ ಒಂದು ವರ್ಷ ಹೋಯಿತು. ಮುಧೋಳದವರು ಬೇರೆ ಕಡೆ ಹೆಣ್ಣು ತಂದುಕೊಂಡರು.

ಜೋಳ ತಳಕ್ಕಿಳಿದ ಒಂದು ಮಧ್ಯಾಹ್ನ ಪುಸ್ತಕ ಕೈಗೆ ತಗುಲಿತು. ಮನೆಯಲ್ಲಿ ಯಾರೂ ಇರಲಿಲ್ಲ; ಮೊದಲ ಸಲ ಕಣ್ಣಿಟ್ಟು ನೋಡಿದೆ. ಮೂರನೆಯ ದಿನದ ಕೋಳಿಮರಿ ಥೇಟ್ ಮೊಳಕೆಯೊಡೆದ ಮಡಕಿಕಾಳು, ಹಾಗೇ ಬಾಗಿತ್ತು. ನಡುವೆ ಒಂದು ಕೆಂಪು ಚುಕ್ಕೆ. ಅದಕ್ಕೆ ಗೆರೆ ಎಳೆದು ಇಂಗ್ಲಿಷಿನಲ್ಲಿ ಏನೋ ಬರೆದಿದ್ದಳು; ಓದಲು ಬರದಿದ್ದರೂ ಅದು ಗುಂಡಿಗೆಯೆಂದು ತಿಳಿಯಿತು. ನಿಮ್ಮವ್ವ ಹೊಟ್ಟೆಯಲ್ಲಿದ್ದಾಗ ನಾನು ಹೆತ್ತ ತಾಯಿಗೂ ಹೇಳಲು ನಾಚಿ, ಐದು ತಿಂಗಳು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದವಳು. ಒಳಗೆ ಏನು ನಡೆದಿತ್ತೆಂದು ಯಾರೂ ನನಗೆ ತಿಳಿಸಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ತಿಳಿದುಕೊಂಡು ಬಂದ ಮಗಳ ಪುಸ್ತಕವನ್ನು ಹೂತಿಟ್ಟೆ.

ಅವಳೀಗ ಜಮಖಂಡಿಯಲ್ಲಿ ಅದೇ ಪಾಠ ಹೇಳುತ್ತಾಳೆ. ಪ್ರತಿ ವರ್ಷ ಹೊಸ ಹುಡುಗಿಯರಿಗೆ, "ನನ್ನಂಗ ರೆಕಾರ್ಡ್ ಬಸ್ಸಿನ್ಯಾಗ ಬಿಟ್ಟ ಬರಬ್ಯಾಡ್ರಿ" ಅನ್ನುತ್ತಾಳಂತೆ. ನಗುತ್ತಾ ಅದನ್ನು ನನಗೇ ಬಂದು ಹೇಳುತ್ತಾಳೆ, ನಾನೂ ನಗುತ್ತೇನೆ.

ನಾಳೆ ಬಟ್ಟೆಯ ಗಂಟು ನೀವೇ ಬಿಚ್ಚಿ. ಮೊಳಕೆ ತಿನ್ನುವ ಮುಂಚೆ ಒಂದನ್ನು ಅಂಗೈಯಲ್ಲಿಟ್ಟು ನೋಡಿ. ಪೀಪಾಯಿಯಿಂದ ತೆಗೆದು ಅದೇ ಸೀರೆಯಲ್ಲಿ ಸುತ್ತಿಟ್ಟ ರೆಕಾರ್ಡ್ ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರೊಳಗಿಟ್ಟು ಮೊದಲು ನಿಮ್ಮವ್ವನ ಕೈಗೆ ಕೊಡಿ. ಅವಳು ಬೈದರೆ ಬೈಯಲಿ, ನಾನು ಅಡುಗೆಮನೆಯಲ್ಲೇ ಇರುತ್ತೇನೆ. ಆಮೇಲೆ ಎರಡನ್ನೂ ಜೋಪಾನವಾಗಿಡಿ, ಎಲ್ಲರ ಕಣ್ಣಿಗೂ ಬೀಳುವಂಥ ಜಾಗದಲ್ಲಿ.