ಮಾವನನ್ನು ಕರೆಯುವ ಕೆಲಸ

ನಮ್ಮ ಅಪ್ಪ ಮತ್ತು ಸೋದರಮಾವ ಹೊಲ, ಮನೆ, ದುಡ್ಡಿಗಾಗಿ ಎಂದೂ ಜಗಳವಾಡಿದವರಲ್ಲ. ಅಷ್ಟು ಸಣ್ಣ ಮನುಷ್ಯರಲ್ಲ ಅವರು. ಅವರ ತಕರಾರು ದೊಡ್ಡದು: ಯಾರು ಯಾರನ್ನು ಕರೆಯಬೇಕು ಎಂಬುದು. ಅಪ್ಪ ಕಲಬುರಗಿಯ ಸರ್ಕಾರಿ ಕಚೇರಿಯೊಂದರಿಂದ ನಿವೃತ್ತನಾದವ. ಮಾವನದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಊರು ಬರುತ್ತದೆ. ಆದರೂ ಇಬ್ಬರಿಗೂ ಅದು ಭಾರೀ ದೂರ.

ತಂಗಿಯ ಮದುವೆ ಗೊತ್ತಾಯಿತು. ನಮ್ಮಲ್ಲಿ ಹತ್ತಿರದ ಬಳಗವನ್ನು ಮನೆಯ ಹಿರಿಯನೇ ಹೋಗಿ, ಕುಂಕುಮ ಹಚ್ಚಿ, ಕಾರ್ಡು ಕೈಗೆ ಕೊಟ್ಟು ಕರೆಯಬೇಕು. ಅದರಲ್ಲೂ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಅಪ್ಪ ಹೋಗಲಿಲ್ಲ, ನನ್ನನ್ನು ಕಳಿಸಿದ. ಮಾವ ಚಹಾ ಕುಡಿಸಿದ, ಬಾಳೆಹಣ್ಣು ಕಟ್ಟಿಕೊಟ್ಟ, ಕಾರ್ಡು ಮಾತ್ರ ಮುಟ್ಟಲಿಲ್ಲ.

“ನಿಮ್ಮಪ್ಪನ ಕಾಲಿಗಿ ಏನಾಗ್ಯಾದ?” ಎಂದು ಕೇಳಿದ.

ಮನೆಗೆ ಬಂದು ಹೇಳಿದರೆ ಅಪ್ಪ, “ಹುಡುಗಿ ಸೋದರಮಾವ ಅವ. ಮನಿ ಮಂದಿಗಿ ಯಾರರೆ ಕರೀತಾರೇನು?” ಎಂದು ಪೇಪರು ಬಿಡಿಸಿದ. ಮಾವನ ಮೇಲೆ ಅಪ್ಪನಿಗೆ ಅಷ್ಟೊಂದು ಪ್ರೀತಿ ಇರುವುದು ನನಗೆ ಅಂದೇ ಗೊತ್ತಾಗಿದ್ದು. ಅವ್ವ ಒಬ್ಬನನ್ನು ಫೋನಿನಲ್ಲಿ, ಇನ್ನೊಬ್ಬನನ್ನು ಊಟಕ್ಕೆ ಬಡಿಸುತ್ತಾ ಬೇಡಿಕೊಂಡಳು. ಮಗಳ ಕೈ ತನ್ನ ಅಣ್ಣನ ಕೈಯಲ್ಲಿರುವುದನ್ನು ಕಣ್ಣಾರೆ ನೋಡಬೇಕು, ಅವಳ ಆಸೆ ಅಷ್ಟೇ.

ಮದುವೆ ಕಲಬುರಗಿಯ ಜಗತ್ ವೃತ್ತದ ಹತ್ತಿರದ ಕಲ್ಯಾಣ ಮಂಟಪದಲ್ಲಿ. ಮುಹೂರ್ತ ಸಮೀಪಿಸಿದಾಗ ಬಳಗದವರೊಬ್ಬರು ಸುದ್ದಿ ತಂದರು: ಮಾವ ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಅದೇ ಊರಿನ ಮೋಮಿನಪುರದ ಚಹಾ ಹೋಟೆಲಿನಲ್ಲಿ ಕೂತಿದ್ದಾನೆ! ನಾನು ಗಾಡಿ ಓಡಿಸಿದೆ.

“ನಾ ಬಂದೀನಲ್ಲ. ಇನ್ನ ಕರ್ಯಾದು ನಿಮ್ಮಪ್ಪನ ಕೆಲಸ,” ಎಂದು ಮಾವ ಬಸಿಯಲ್ಲಿ ಚಹಾ ಸುರಿದುಕೊಂಡ.

ತಿರುಗಿ ಬಂದೆ. “ಅಲ್ಲೀತನಕ ಬಂದವಗ ಮುಂದಿನ ಹಾದಿ ಗೊತ್ತಿಲ್ಲೇನು?” ಎಂದ ಅಪ್ಪ.

ಸಿಟ್ಟು ನೆತ್ತಿಗೇರಿತು. ನಾನು ಅಪ್ಪನ ಜೊತೆ ವಾದ ಮಾಡುತ್ತಾ ನಿಂತಿದ್ದಾಗಲೇ ಅವ್ವ ಹೊರಗೆ ಹೋಗಿ ಆಟೋ ಹತ್ತಿದ್ದಳು. ಮುಹೂರ್ತ ಯಾರಿಗಾಗಿಯೂ ಕಾಯಲಿಲ್ಲ. ದೂರದ ಸಂಬಂಧದಲ್ಲಿ ಅವ್ವನಿಗೆ ತಮ್ಮನಾಗಬೇಕಾದವನೊಬ್ಬ ತಂಗಿಯ ಕೈಹಿಡಿದು ತಂದ. ಬ್ಯಾಂಡು ಬಾರಿಸಿತು, ಅಕ್ಕಿಕಾಳು ಬಿದ್ದವು. ಅವ್ವ ಅಣ್ಣನನ್ನು ಕರೆದುಕೊಂಡು ಬರುವಷ್ಟರಲ್ಲಿ ಜನ ಊಟಕ್ಕೆ ಓಡುತ್ತಿದ್ದರು.

ಮಾವ ಕರೆಸಿಕೊಂಡೇ ಬಂದಿದ್ದ. ಅಪ್ಪ ಕರೆಯಲು ಹೋಗಿರಲಿಲ್ಲ. ಇಬ್ಬರೂ ಗೆದ್ದಿದ್ದರು. ಗೆದ್ದವರ ಹಸಿವೇ ಬೇರೆ. ಒಂದೇ ಪಂಕ್ತಿಯಲ್ಲಿ ಕೂತು ಒಬ್ಬರ ಎಲೆಗೆ ಇನ್ನೊಬ್ಬರು ಹೋಳಿಗೆ ಹಾಕಿಸಿದರು.

ಫೋಟೋಕ್ಕೆ ನಿಂತಾಗ ತಂಗಿ ಕೇಳಿದಳು, “ಅವ್ವಾ, ಅಕ್ಕಿಕಾಳು ಬೀಳಾಗ ನಿನ್ನ ಹುಡುಕಿದೆ. ಎಲ್ಲಿದ್ದಿ?”

“ಹಿಂದ ನಿಂತಿದ್ನವ್ವಾ. ಮಂದಿ ಭಾಳ ಇತ್ತು.”

ಅವ್ವನ ಎಡಬಲದಲ್ಲಿದ್ದ ಅಪ್ಪ, ಮಾವ ಇಬ್ಬರೂ ಕ್ಯಾಮೆರಾ ನೋಡುತ್ತಿದ್ದರು.

ನಾಗರ ಪಂಚಮಿಗೆ ಮಾವ ತಾನಾಗಿಯೇ ಕಲಬುರಗಿಗೆ ಬಂದ, ಅವ್ವನನ್ನು ತವರಿಗೆ ಕರೆದೊಯ್ಯಲು. ಯಾರೂ ಕರೆದಿರಲಿಲ್ಲ. ಅಪ್ಪನೂ ಬಾಗಿಲಿಗೆ ಹೋಗಿ ಬರಮಾಡಿಕೊಂಡ. ಇಬ್ಬರೂ ಎಷ್ಟು ಸುಲಭವಾಗಿ ದೊಡ್ಡವರಾಗಿಬಿಟ್ಟಿದ್ದರು! ಅವ್ವ ಇಬ್ಬರಿಗೂ ಚಹಾ ಕೊಟ್ಟು, ಕುಡಿಯುವ ತನಕ ನಿಂತಿದ್ದಳು.

“ನಡೀಯವ್ವಾ, ಬಸ್ಸಿನ ಹೊತ್ತಾತು,” ಎಂದ ಮಾವ.

“ನಾ ಬರಂಗಿಲ್ಲಣ್ಣಾ. ನಿನ್ನ ಕರೀಲಿಕ್ಕ ಹೋಗಿ ನನ್ನ ಮಗಳ ಲಗ್ನ ನಾ ನೋಡಲಿಲ್ಲ,” ಎಂದಳು ಅವ್ವ. ಆಮೇಲೆ ಅಪ್ಪನ ಕಡೆ ಕೈ ತೋರಿಸಿ, “ಇವರನ್ನ ಕರ್ಕೊಂಡು ಹೋಗು,” ಎಂದಳು.