ಅಕ್ಕೋರು ಹಡಗು ತೆಗೆದ ಪಾಠ

ಪ್ರೊಜೆಕ್ಟರ್ ಬಿಸಿಯಾಗತೊಡಗಿದಾಗ ಒಳಗಿನ ಧೂಳು ಸುಟ್ಟ ವಾಸನೆ ಬರುತ್ತದೆ. ಹೋದ ವಾರ ಕೊಪ್ಪಳದಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ, ಊಟದ ನಂತರ ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ, ಅದೇ ವಾಸನೆ ಮೂಗಿಗೆ ಬಡಿಯಿತು. ಅಕ್ಕೋರು ನೆನಪಾದರು, ನಿದ್ದೆ ಹಾರಿಹೋಯಿತು. ಅವರು ನೆನಪಾದಾಗಲೆಲ್ಲ ನನಗೆ ಮೊದಲು ಆಗುವುದು ಹೊಟ್ಟೆಕಿಚ್ಚು. ಉಳಿದದ್ದೆಲ್ಲ ಆಮೇಲೆ...

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಇವರು ಕುಷ್ಟಗಿ ಕಡೆಯ ಒಣಬೇಸಾಯದ ಊರಿನವರು. ಭತ್ತ ಬೆಳೆಯುವ ಮರಳಿ ಎಂಬ ಊರಿನ ಹತ್ತಿರದ ನಮ್ಮ ಹೈಸ್ಕೂಲಿಗೆ ಎರಡನೆಯ ವಿಜ್ಞಾನ ಶಿಕ್ಷಕರಾಗಿ ಬಂದರು. ‘ಎ’ ವಿಭಾಗ ನನ್ನದು, ‘ಬಿ’ ಅವರದು. ಅಲ್ಲಿಯವರೆಗೆ ಆ ಶಾಲೆಯಲ್ಲಿ ವಿಜ್ಞಾನವೆಂದರೆ ನಾನೇ. ತೇಲುವುದು ಮುಳುಗುವುದರ ಪಾಠಕ್ಕೆ ನಾನು ಕೈಯಾರೆ ಬಿಡಿಸಿದ ಹಡಗಿನ ಚಿತ್ರಪಟವಿತ್ತು. ಹೊಗೆ ಬಿಡುವ ಚಿಮಣಿ, ಲಂಗರು, ಸಾಲು ಕಿಟಕಿಗಳು ಎಲ್ಲ ಇದ್ದವು. ಶಾಲೆ ನೋಡಲು ಬಂದ ಸಾಹೇಬರೆಲ್ಲ ಅದರ ಮುಂದೆ ನಿಂತು ನಾಲ್ಕು ಮಾತು ಹೊಗಳಿಯೇ ಚಹಾ ಕುಡಿಯುತ್ತಿದ್ದರು.

ಅಕ್ಕೋರು ಏನನ್ನೂ ಬಿಡಿಸುತ್ತಿರಲಿಲ್ಲ. ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿಕೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಮುಕ್ತವಾಗಿ ಬಿಟ್ಟ ಪಾಠಗಳನ್ನು ಹುಡುಕಿ ತರುತ್ತಿದ್ದರು. ಮೊದಲು ಆ ಅನುಮತಿ ನಿಜಕ್ಕೂ ಇದೆಯೇ ಎಂದು ನೋಡುವುದು. ಆಮೇಲೆ ಪಠ್ಯಪುಸ್ತಕದ ಪಕ್ಕದಲ್ಲಿಟ್ಟು ತಪ್ಪು ಹುಡುಕುವುದು. ಕೊನೆಗೆ ಬಿಸಿಯೂಟವಾದ ಮೇಲೆ ಹಿಂದಿನ ಬೆಂಚಿನ ಕೆಲವು ಮಕ್ಕಳನ್ನು ಕೂರಿಸಿ ಶಾಲೆಯ ಪ್ರೊಜೆಕ್ಟರಿನಲ್ಲಿ ತೋರಿಸುವುದು. ಆಗ ಅವರು ಪರದೆಯನ್ನು ನೋಡುತ್ತಲೇ ಇರಲಿಲ್ಲ, ಮಕ್ಕಳ ಮುಖ ನೋಡುತ್ತಿದ್ದರು. ಮಕ್ಕಳು ಎಲ್ಲಿ ಆಕಳಿಸಿದರೋ ಆ ಭಾಗಕ್ಕೆ ಕತ್ತರಿ.

“ಅಕ್ಕೋರ, ಮಂದಿ ಮನಿ ಅಡಗಿ ತಂದು ಬಡಿಸಿದಂಗ ಆತಲ್ರಿ ಇದು?” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಚುಚ್ಚಿದೆ.

“ಹೌದ್ರಿ ಸರ,” ಎಂದು ನಕ್ಕರು. “ಛಲೋ ಇತ್ತಂದ್ರ ಬಡಸ್ತೀನ್ರಿ, ಮಾಡಿದವರ ಹೆಸರೂ ಹೇಳ್ತೀನ್ರಿ.”

ಎದುರು ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ವರ್ಷ ಅವರು ತಂದ ಪಾಠದಲ್ಲೂ ಹಡಗೇ ಇತ್ತು. ಒಳಗೊಳಗೇ ಖುಷಿಪಟ್ಟೆ, ಹಡಗಿನಲ್ಲಿ ನನ್ನನ್ನು ಮೀರಿಸುವವರು ಯಾರು? ಆದರೆ ಬಿಸಿಯೂಟದ ನಂತರ ತೋರಿಸಿ ನೋಡಿದಾಗ ಹಡಗು ಬಂದಲ್ಲೇ ಮಕ್ಕಳು ಆಕಳಿಸಿದರು. ಒಬ್ಬ ಹುಡುಗಿ ಮಾತ್ರ ಎದ್ದು, “ಅಕ್ಕೋರ, ನಮ್ಮನ್ಯಾಗ ನೆಲ್ಲಿನ ಬೀಜಾ ಉಪ್ಪು ನೀರಾಗ ಹಾಕ್ತಾರ್ರಿ. ಜೊಳ್ಳು ತೇಲತೈತಿ, ಗಟ್ಟಿ ಕಾಳು ಮುಳಗತೈತಿ” ಎಂದಳು. ಮರುದಿನವೇ ಅಕ್ಕೋರು ಆ ಹುಡುಗಿಯ ಮನೆಗೆ ಹೋಗಿ, ಅವಳ ತಾಯಿ ಪ್ಲಾಸ್ಟಿಕ್ ಟಬ್ಬಿನ ಉಪ್ಪು ನೀರಿನಲ್ಲಿ ಬೀಜ ಆರಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಂಡು ಬಂದರು. ಹಡಗು ಹೋಯಿತು, ಭತ್ತದ ಬೀಜ ಬಂತು.

ನನ್ನ ಹೊಟ್ಟೆ ಉರಿದದ್ದು ಅಲ್ಲಿ. ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದವನು ನಾನು. ನಮ್ಮಪ್ಪ ಪ್ರತಿ ಸಲ ಸಸಿ ಹಾಕುವ ಮುಂಚೆ ಹಾಗೆಯೇ ಬೀಜ ಆರಿಸುತ್ತಿದ್ದ, ಉಪ್ಪು ಕಲಕುವುದು ನನ್ನದೇ ಕೆಲಸ. ನನ್ನದಾಗಬೇಕಿದ್ದ ಪಾಠ ಕುಷ್ಟಗಿಯಿಂದ ಬಂದವರ ಪಾಲಾಯಿತಲ್ಲ! ನನ್ನ ‘ಎ’ ವಿಭಾಗದ ಮಕ್ಕಳು ನೀರು ಕುಡಿದು ಬರುವ ನೆಪ ಹೇಳಿ ‘ಬಿ’ ವಿಭಾಗದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ಅದೇ ಸಮಯಕ್ಕೆ ಕೊಪ್ಪಳದಲ್ಲಿ ಜಿಲ್ಲೆಯ ಶಿಕ್ಷಕರೆದುರು ಮಾದರಿ ಪಾಠ ಮಾಡಲು ತಾಲ್ಲೂಕಿಗೊಬ್ಬರನ್ನು ಆರಿಸುವುದಿತ್ತು. ಆ ವೇದಿಕೆ ನನಗೆ ಬೇಕಿತ್ತು, ಎಷ್ಟು ಬೇಕಿತ್ತೆಂದರೆ ಹೊಸ ಅಂಗಿ ಹೊಲಿಸಿಟ್ಟುಕೊಂಡಿದ್ದೆ. ಆಯ್ಕೆಯಾದದ್ದು ಅಕ್ಕೋರು. ಆ ಅಂಗಿ ಹಾಕಿಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಕರೆಂಟ್ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ದಿನಾ ಹೋಗುವ ಕರೆಂಟ್ ಅವತ್ತು ಹೋಗಲಿಲ್ಲ. ಪಾಠ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳು ಬಂದವು. ಮೂಲ ಪಾಠ ಮಾಡಿದ ಯಾವುದೋ ದೇಶದವರದು, ಆ ಹುಡುಗಿಯದು, ಅವಳ ತಾಯಿಯದು. ಪ್ರಶ್ನೆಗಳು ಎಂಬುದರ ಮುಂದೆ ನನ್ನದು! ನನ್ನ ಹಳೆಯ ಪ್ರಶ್ನೆಪತ್ರಿಕೆಯಿಂದ ತೆಗೆದುಕೊಳ್ಳಲೇ ಎಂದು ಅವರು ಯಾವಾಗಲೋ ಕೇಳಿದ್ದರು, ಹೂಂ ಅಂದಿದ್ದೆ. ಎಲ್ಲರೂ ತಿರುಗಿ ನನಗೂ ಚಪ್ಪಾಳೆ ತಟ್ಟಿದರು. ಹಲ್ಲು ಕಿರಿದೆ, ಇನ್ನೇನು ಮಾಡಲಿ.

ಮುಂದೆ ಅವರಿಗೆ ತಮ್ಮ ಊರ ಕಡೆ ವರ್ಗವಾಯಿತು. ಕಾಯಿಲೆ ಎಂದು ಕೇಳಿದೆ, ಒಮ್ಮೆ ಹೋಗಿ ಬರೋಣ ಎಂದುಕೊಳ್ಳುತ್ತಿದ್ದೆ... ಒಂದು ಬೆಳಿಗ್ಗೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು.

ಹೋದ ವಾರದ ತರಬೇತಿಯಲ್ಲಿ ಅಕ್ಕೋರ ಅದೇ ಪಾಠವನ್ನು ತೋರಿಸಿದವರು ಯಲಬುರ್ಗಾದ ಒಬ್ಬ ಎಳೆಯ ಮೇಷ್ಟ್ರು. ನೋಡುತ್ತಾ ಹೋದೆ, ಭತ್ತ ಬರಲೇ ಇಲ್ಲ. ಅದರ ಜಾಗದಲ್ಲಿ ನೀರಿನ ಬೋಗುಣಿ, ಕಡಲೆ.

ತಡೆಯಲಾರದೆ ಎದ್ದು ನಿಂತೆ. “ಅಕ್ಕೋರ ಪಾಠ ಯಾಕ ಕೆಡಿಸೀರಿ?” ದನಿ ಜೋರಾಗಿಯೇ ಬಂತು.

“ನಮ್ಮ ಕಡೆ ನೆಲ್ಲು ಎಲ್ಲೈತ್ರಿ ಸರ?” ಎಂದರು ಅವರು. “ಹುಳ ತಿಂದ ಕಡ್ಲಿ ತೇಲೂದು ನಮ್ಮ ಹುಡುಗರಿಗೆ ಗೊತ್ತೈತ್ರಿ. ಬದಲ್ ಮಾಡ್ಕೊಳ್ರಿ ಅಂತ ಪಾಠದ ಕೊನಿಗೆ ಅಕ್ಕೋರ ಬರದಾರ್ರಿ.”

ಕುಳಿತೆ. ಸರಿಯಾಗಿಯೇ ಮಾಡಿದ್ದರು. ಅಕ್ಕೋರು ಬದುಕಿದ್ದಿದ್ದರೆ ಆ ಕಡಲೆ ನೋಡಿ, “ಭಾಳ ಛಲೋ ಆತ್ರಿ” ಎಂದು ಮುಖ ಅರಳಿಸುತ್ತಿದ್ದರು. ಹಾಗೆ ಅರಳಿದ ಮುಖವನ್ನು ನನ್ನ ಯಾವ ಪಾಠಕ್ಕೂ ನಾನು ಕಾಣಲಿಲ್ಲ. ಆ ಎಳೆಯ ಮೇಷ್ಟ್ರ ಮೇಲೆ ಹೊಟ್ಟೆ ಉರಿಯಿತು, ಕಣ್ಣು ತುಂಬಿ ಬಂತು. ಇನ್ನು ನಾನು ಎಂಥ ಪಾಠ ಮಾಡಿದರೂ ಅವರು ನೋಡುವುದಿಲ್ಲ.