ಹಾಲಿನ ಬೂತಿನಣ್ಣ ಚುನಾವಣೆಗೆ ನಿಂತಾಗ

೧೯೯೪ರಲ್ಲಿ ಎಂಟನೇ ಕ್ಲಾಸಿಗೆ ನನ್ನ ಓದು ನಿಂತಿತು. ಅಲ್ಲಿಂದಾಚೆಗೆ ಕಬ್ಬಿಣವೇ ಅನ್ನ. ಕತ್ರಿಗುಪ್ಪೆಯಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಶೆಡ್ಡು ನನ್ನದು. ಮೊನ್ನೆ ಅದರ ಮುಂದೆ ಯಾರದೋ ಸ್ಕೂಟರಿನಿಂದ ಹಾಲಿನ ಪ್ಯಾಕೆಟ್ಟು ಬಿದ್ದು ಒಡೆದಿತ್ತು. ಬಿಸಿಲೇರಿದ ಹಾಗೆ ಹುಳಿ ವಾಸನೆ ಒಳಗೆ ಬಂತು. ಪಕ್ಕದ ಹಾಲಿನ ಬೂತಿನಣ್ಣ ನೆನಪಾದರು…

ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಾಲ್ಕು ರಸ್ತೆಗಳಿವೆ. ಅವರಿಗೆ ಉಳಿದದ್ದು ಒಂದು ಮನೆ, ಒಂದು ಬೂತು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಮಗು ಎದೆಹಾಲು ಬಿಟ್ಟಿದೆ ಎಂಬುದೆಲ್ಲ ಪ್ಯಾಕೆಟ್ಟು ಕೊಡುವಾಗಲೇ ಅವರಿಗೆ ತಿಳಿದುಹೋಗುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದವರಲ್ಲ. “ಏನಪ್ಪಾ ವೆಲ್ಡಿಂಗು, ಇವತ್ತು ಯಾರ್ ಮನೆ ಬಾಗ್ಲು ಮುಚ್ಚುಸ್ತೀಯಾ?” ಎನ್ನುತ್ತಿದ್ದರು. ಬೆಳಗಿನ ನನ್ನ ಮೊದಲ ಮಾತು ದಿನಾ ಅವರ ಜೊತೆಗೇ.

ಕೆಲವು ವರ್ಷಗಳ ಹಿಂದಿನ ವಿಧಾನಸಭಾ ಚುನಾವಣೆಯಲ್ಲಿ ಇಬ್ಬರ ನಡುವೆ ಜಿದ್ದು ಬಿದ್ದಿತ್ತು. ಒಬ್ಬರು ಹಳೆಯ ಶಾಸಕರು. ಊರು ಹಳ್ಳಿಯಾಗಿದ್ದ ಕಾಲದ ಮನೆಗಳ ವೋಟೆಲ್ಲ ಅವರಿಗೇ. ಇನ್ನೊಬ್ಬರು ಬಿಲ್ಡರ್, ಅಪಾರ್ಟ್‌ಮೆಂಟಿನವರು ಅವರ ಬೆನ್ನಿಗಿದ್ದರು. ಅಂಥ ಹೊತ್ತಿನಲ್ಲಿ ನಮ್ಮಣ್ಣ ಪಕ್ಷೇತರರಾಗಿ ನಾಮಪತ್ರ ಹಾಕಿ ಬಂದರು.

ನನಗೆ ಮೊದಲ ದಿನವೇ ಅನುಮಾನ. ಹಾಲಿನ ಗಾಡಿಗೆ ಟೈರು ಬದಲಿಸಲು ಹಿಂದೆಮುಂದೆ ನೋಡುವ ಮನುಷ್ಯನಿಗೆ ಮೈಕು ಕಟ್ಟಿದ ಎರಡು ಜೀಪು ಎಲ್ಲಿಂದ ಬಂದವು? ಅವಾದರೂ ಅಪಾರ್ಟ್‌ಮೆಂಟುಗಳ ಕಡೆ ಒಮ್ಮೆಯೂ ತಿರುಗಲಿಲ್ಲ. ಶಾಸಕರ ವೋಟಿದ್ದ ಹಳೆಯ ಗಲ್ಲಿಗಳಲ್ಲೇ ಸುತ್ತಿದವು. ತಡೆಯಲಾರದೆ ಕೇಳಿಯೇಬಿಟ್ಟೆ.

“ಅಣ್ಣ, ನಿಜ ಹೇಳ್ಬಿಡಿ. ನಿಮ್ಮನ್ನ ಯಾರು ನಿಲ್ಸಿರೋದು?”

“ನನ್ ಕಾಲ್ ಮೇಲೆ ನಾನ್ ನಿಂತಿದೀನಿ ಕಣೋ. ನೀನ್ ನಿಂತಿಲ್ವಾ ಹಂಗೇ?”

ಯಾರ ಹಂಗೂ ಇಲ್ಲದೆ ದುಡಿದು ನಿಂತವನಿಗೆ ಇಂಥ ಮಾತು ನೇರ ಎದೆಗೆ ತಾಗುತ್ತದೆ. ಅನುಮಾನವನ್ನು ಬದಿಗಿಟ್ಟೆ. “ನಿನ್ ಗಿರಾಕಿಗಳಿಗೆ ಒಂದ್ ಮಾತು ಹೇಳೋ” ಎಂದು ಅವರು ಕೇಳಿದ್ದೇ ತಡ, ನಾನು ಗೇಟು ಕೂರಿಸಿದ ಮನೆಗಳಿಗೆಲ್ಲ ಹೋಗಿ, “ನಮ್ಮವರು, ಯಾರ ಬಾಲವೂ ಅಲ್ಲ, ಇದಕ್ಕೆ ನಾನು ಜವಾಬ್ದಾರಿ” ಎಂದು ಹೇಳಿ ಬಂದೆ. ನನ್ನ ಕೆಲಸವನ್ನು ನಂಬಿದವರು ಈ ಮಾತನ್ನೂ ನಂಬಿದರು.

ಮತದಾನದ ದಿನ ಶಾಲೆಯ ಕೋಣೆಯಲ್ಲಿ ನಾನು ಅವರ ಏಜೆಂಟಾಗಿ ಕೂತೆ. ಬಂದ ಮತದಾರರನ್ನು ಗುರುತು ಹಿಡಿಯಲು ಅಭ್ಯರ್ಥಿಗೊಬ್ಬ ಏಜೆಂಟು ಇರುತ್ತಾನೆ. ನನ್ನ ಎಡಕ್ಕೆ ಶಾಸಕರ ಕಡೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಬಲಕ್ಕೆ ಬಿಲ್ಡರ್ ಕಡೆಯ ಹುಡುಗ. ಅವರವರ ಊಟವನ್ನು ಅವರವರ ಅಭ್ಯರ್ಥಿ ಕಳಿಸುವುದು ರೂಢಿ. ಮಧ್ಯಾಹ್ನ ಬಿಲ್ಡರ್ ಕಡೆಯವನೊಬ್ಬ ಚೀಲ ಹಿಡಿದು ಬಾಗಿಲಿಗೆ ಬಂದ. ತನ್ನ ಹುಡುಗನಿಗೆ ಒಂದು ಪೊಟ್ಟಣ ಕೊಟ್ಟ. ಅದೇ ಚೀಲದಿಂದ ಇನ್ನೊಂದು ತೆಗೆದು ನನ್ನ ಮುಂದೆ ಚಾಚಿದ.

“ನಂದಲ್ಲಪ್ಪ ಇದು. ನಾನು ಹಾಲಿನ ಬೂತಿನವರ ಕಡೆ.”

“ಗೊತ್ತಣ್ಣ, ತಗೊಳ್ಳಿ. ಎಲ್ಲಾ ಬೂತಲ್ಲೂ ನಿಮ್ಮವರಿಗೆ ನಾವೇ ಕೊಡ್ತಿರೋದು.”

ಎಡಗಡೆಯ ಹಿರಿಯರು ಕನ್ನಡಕ ಒರೆಸಿಕೊಂಡರು. “ಮನೆ ಎರಡು, ಅಡುಗೆ ಒಂದೇನಾ? ಊಟ ಮಾಡಿ ಸಾರ್, ಬಿಸಿ ಇದೆ.”

ಊಟ ಮುಟ್ಟಲಿಲ್ಲ. ನನ್ನ ಮಾತು ನಂಬಿದ ಮನೆಗಳವರು ಸಂಜೆಯವರೆಗೂ ಒಬ್ಬೊಬ್ಬರಾಗಿ ಬಂದು, ನನ್ನನ್ನು ನೋಡಿ ತಲೆಯಾಡಿಸಿ, ಮರೆಗೆ ಹೋಗಿ ಗುಂಡಿ ಒತ್ತಿದರು. ಮತಗಟ್ಟೆಯೊಳಗೆ ಯಾರ ಪರವಾಗಿಯೂ, ವಿರುದ್ಧವಾಗಿಯೂ ಬಾಯಿ ಬಿಡುವಂತಿರಲಿಲ್ಲ…

ಸಂಜೆ ಹಾಲಿನ ಬೂತಿಗೆ ಹೋದೆ. ಅಣ್ಣ ಕ್ರೇಟು ತೊಳೆಯುತ್ತಿದ್ದರು.

“ಊಟ ಬಿಲ್ಡರ್ ಮನೆದು. ಜೀಪೂ ಅವರದೇನಾ?”

ಅವರು ತಲೆಯೆತ್ತಲಿಲ್ಲ. “ಕಾರ್ಪೊರೇಷನ್‌ಗೆ ಟಿಕೆಟ್ ಕೊಡ್ತೀನಿ ಅಂದಿದ್ದಾರೆ ಕಣೋ. ಹುಟ್ಟಿದಾಗ್ಲಿಂದ ‘ಏಯ್ ಹಾಲು’ ಅನ್ನಿಸ್ಕೊಂಡಿದೀನಿ. ಒಂದ್ ಸಲ ಕಾರ್ಪೊರೇಟರ್ ಅನ್ನಿಸ್ಕೊಬಾರ್ದಾ?”

“ಹಂಗಾದ್ರೆ ನಾನು ಮನೆಮನೆಗೂ ಹೋಗಿ ಹೇಳಿದ್ದು?”

“ನೀನ್ ಹೇಳಿದ್ರೆ ಜನ ನಂಬ್ತಾರೆ ಅಂತಾನೇ ನಿನ್ನ ಕೇಳಿದ್ದು,” ಎಂದರು. ಅದನ್ನು ಹೊಗಳಿಕೆಯ ಹಾಗೆಯೇ ಹೇಳಿದರು. ಅದೇ ನನಗೆ ಹೆಚ್ಚು ನೋವಾದದ್ದು.

ಹಳೆಯ ಗಲ್ಲಿಗಳ ವೋಟು ಒಡೆದದ್ದು ನಿಜ, ಆದರೂ ಬಿಲ್ಡರ್ ಗೆಲ್ಲಲಿಲ್ಲ. ನಾನು ಮುಂದಿನ ತಿರುವಿನ ಅಂಗಡಿಯಿಂದ ಹಾಲು ತರತೊಡಗಿದೆ. ಅಣ್ಣ ಟಿಕೆಟ್ಟಿಗಾಗಿ ಕಾದರು. ಬಿಳಿ ಶರ್ಟು ಹೊಲಿಸಿಕೊಂಡರು, ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಬಿಲ್ಡರ್ ಪಕ್ಕ ನಿಂತರು. ಕಾರ್ಪೊರೇಷನ್ ಚುನಾವಣೆ ಮಾತ್ರ ಇವತ್ತು, ನಾಳೆ ಎನ್ನುತ್ತ ಮುಂದೆ ಹೋಗುತ್ತಲೇ ಇತ್ತು. ಅದು ಬರುವ ಮೊದಲು ಅವರ ಎದೆಬಡಿತ ನಿಂತಿತು.

ಅವರು ಹೋದ ದಿನ ಬೂತಿನ ಮೇಲೆ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿದ್ದರು. ಕೈಮುಗಿದ ಬಿಲ್ಡರ್ ಮುಖ ಆಳೆತ್ತರ. ಮೂಲೆಯಲ್ಲಿ ಅಣ್ಣನ ಮುಖ, ಅಂಗೈಯಷ್ಟು. ಕೆಳಗೆ ಬೆಂಬಲಿಗರ ಸಾಲಿನಲ್ಲಿ ನನ್ನ ಫೋಟೋ ಕೂಡ ಇತ್ತು. ನನ್ನನ್ನು ಯಾರೂ ಕೇಳಿರಲಿಲ್ಲ… ಏಣಿ ತಂದು ನನ್ನ ಮುಖದ ಪಟ್ಟಿಯಷ್ಟನ್ನೇ ಕತ್ತರಿಸಿ ತೆಗೆದೆ. ಅವರ ಮುಖವನ್ನೂ ತೆಗೆದು ಮನೆಗೆ ತರಬೇಕು ಅನ್ನಿಸಿತ್ತು. ಬಿಲ್ಡರ್ ಪಕ್ಕದ ಆ ಜಾಗ ಅವರಿಗೆ ಇಷ್ಟವೇ ಆಗುತ್ತಿತ್ತೇನೋ ಎಂಬ ಅನುಮಾನಕ್ಕೆ ಅಲ್ಲೇ ಬಿಟ್ಟೆ.

ಈಗ ಮತ್ತೆ ಕಾರ್ಪೊರೇಷನ್ ಚುನಾವಣೆಯ ಸುದ್ದಿ. ಹೊಸ ಹೊಸ ಬಿಳಿ ಶರ್ಟುಗಳು ಶೆಡ್ಡಿಗೆ ಬಂದು, “ಅಣ್ಣ, ನಿಮ್ಮ ಮಾತಿಗೆ ಬೆಲೆ ಇದೆ” ಎನ್ನುತ್ತವೆ. ಕೆಲಸ ನಿಲ್ಲಿಸದೆ ಕೇಳಿಸಿಕೊಳ್ಳುತ್ತೇನೆ. ನನ್ನ ಬಳಿ ಈಗ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಿಷನ್ನು, ಮೂವರು ಕೆಲಸಗಾರರು, ಒಂದು ಸ್ವಂತ ಮನೆ, ಒಂದು ವೋಟು ಇವೆ. ಬೆಳಗಿನ ಮೊದಲ ಮಾತಿಗೆ ಯಾರೂ ಇಲ್ಲ.